ಹೊಸ ಮೇಷ್ಟ್ರನ್ನು ತಯಾರು ಮಾಡುವುದು ಹೇಗೆ? ಎಂಜಿನಿಯರಿಂಗ್ ಕಾಲೇಜುಗಳಿಗೆ 13 ಸೂತ್ರಗಳು

ಎಂ.ಟೆಕ್. ಮುಗಿಸಿ ಬಂದ ಯುವತಿಗೆ ಸೋಮವಾರ ಆರ್ಡರ್ ಕಾಪಿ ಸಿಗುತ್ತದೆ, ಮಂಗಳವಾರ ಟೈಮ್‌ಟೇಬಲ್ ಸಿಗುತ್ತದೆ, ಬುಧವಾರ ಬೆಳಿಗ್ಗೆ ಅರವತ್ತು ಮಕ್ಕಳ ಮುಂದೆ ನಿಂತಿರುತ್ತಾಳೆ. ಪ್ರೈಮರಿ ಶಾಲೆಗೆ ಡಿ.ಎಡ್. ಬೇಕು, ಹೈಸ್ಕೂಲಿಗೆ ಬಿ.ಎಡ್. ಬೇಕು. ಸೇತುವೆ, ಟ್ರಾನ್ಸ್‌ಫಾರ್ಮರ್, ಸಾಫ್ಟ್‌ವೇರ್ ಕಟ್ಟುವವರಿಗೆ ಕಲಿಸಲು ಮಾತ್ರ ಪಾಠ ಹೇಳುವ ವಿದ್ಯೆ ಬೇಕೆಂದು ಬಹಳ ಕಾಲ ಯಾರೂ ಕೇಳಲಿಲ್ಲ. ಹೊಸದಾಗಿ ಸೇರುವ ತಾಂತ್ರಿಕ ಅಧ್ಯಾಪಕರು 8 ಮಾಡ್ಯೂಲ್‌ಗಳ ತರಬೇತಿ ಮುಗಿಸಬೇಕೆಂದು ಎಐಸಿಟಿಇ ಈಗ ಹೇಳುತ್ತಿದೆ. ಒಳ್ಳೆಯದೇ ಆಯಿತು. ಆದರೆ ಸರ್ಟಿಫಿಕೇಟ್ ಬಂದ ಮರುದಿನ ಅದೇ ಯುವತಿ ಮತ್ತೆ ಬೋರ್ಡಿಗೆ ಮುಖ, ಮಕ್ಕಳಿಗೆ ಬೆನ್ನು ಮಾಡಿ ಡೆರಿವೇಶನ್ ಬರೆಯುತ್ತಿದ್ದರೆ ತರಬೇತಿ ಎಲ್ಲಿ ಸೋರಿಹೋಯಿತು ಎಂದು ಕಾಲೇಜೇ ಹುಡುಕಬೇಕು.

ಬೆಂಗಳೂರಿನ ಹಲಸೂರಿನಿಂದ ಇಂದಿರಾನಗರ ದಾಟಿ ಕೆ.ಆರ್. ಪುರದ ಆಚೆಗೆ ಸಾಗುವ ಹಳೇ ಮದ್ರಾಸ್ ರಸ್ತೆಯ ಆಸುಪಾಸಿನಲ್ಲಿ ಎಂಜಿನಿಯರಿಂಗ್ ಕಾಲೇಜುಗಳು ಒತ್ತೊತ್ತಾಗಿವೆ. ಪ್ರತಿ ವರ್ಷ ಹೊಸ ಅಸಿಸ್ಟೆಂಟ್ ಪ್ರೊಫೆಸರುಗಳು ಸೇರುತ್ತಾರೆ, ಹಲವರು ಬಿಟ್ಟೂ ಹೋಗುತ್ತಾರೆ. ಅಲ್ಲಿನ ಪ್ರಿನ್ಸಿಪಾಲರು, ಎಚ್‌ಒಡಿಗಳು, ಹಿರಿಯ ಅಧ್ಯಾಪಕರಿಗಾಗಿ ಈ ಸೂತ್ರಗಳು. ಹೊಸಬರು ತಮಗೆ ಹೇಗೆ ಪಾಠವಾಗಿತ್ತೋ ಹಾಗೇ ಪಾಠ ಮಾಡುತ್ತಾರೆ. ಅದು ಬದಲಾಗಬೇಕಾದರೆ ಅವರು ಮೊದಲು ಬೇರೆ ಥರದ ತರಗತಿಯಲ್ಲಿ ವಿದ್ಯಾರ್ಥಿಯಾಗಿ ಕೂರಬೇಕು. ಆಮೇಲೆ ತಮ್ಮದೇ ತರಗತಿಯಲ್ಲಿ ಅದನ್ನು ಮಾಡಿ ನೋಡಬೇಕು. ಆಗ ಪಕ್ಕದಲ್ಲಿ ಒಬ್ಬ ಹಿರಿಯರಿರಬೇಕು.

1. ಭಾಷಣದ ವಿರುದ್ಧ ಭಾಷಣ ಮಾಡಬೇಡಿ

ವಿದ್ಯಾರ್ಥಿ ಕೇಂದ್ರಿತ ಬೋಧನೆ ಎಂಬ ಹೆಸರಿನ ಎಫ್‌ಡಿಪಿಯಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಸ್ಲೈಡ್ ಓದುವ ಪದ್ಧತಿ ನಿಲ್ಲಬೇಕು. ಹೊಸಬರನ್ನು ಬೆಂಚಿನ ಮೇಲೆ ಕೂರಿಸಿ, ಪ್ರಶ್ನೆ ಕೊಡಿ.

ಉದಾಹರಣೆಗೆ, 2003ರಲ್ಲಿ ಸಂಚಾರಕ್ಕೆ ತೆರೆದ ಕೆ.ಆರ್. ಪುರದ ತೂಗುಸೇತುವೆ. ದಿನಾ ಅದರ ಮೇಲೆ ಓಡಾಡುವವರಿಗೇ ಕೇಳಿ: ಕಂಬಕ್ಕೆ ಹತ್ತಿರ ಕಡಿದಾಗಿ ಇಳಿಯುವ ಒಂದು ಕೇಬಲ್, ದೂರಕ್ಕೆ ಚಾಚಿಕೊಂಡು ಓರೆಯಾಗಿ ಇಳಿಯುವ ಇನ್ನೊಂದು ಕೇಬಲ್. ಎರಡೂ ಸೇತುವೆಯ ಅಷ್ಟೇ ಭಾರವನ್ನು ಮೇಲಕ್ಕೆತ್ತಿ ಹಿಡಿದಿವೆ ಎಂದುಕೊಳ್ಳಿ. ಯಾವುದರಲ್ಲಿ ಎಳೆತ ಹೆಚ್ಚು? ಎಂ.ಟೆಕ್. ಆದವರೂ ಇಲ್ಲಿ ಎರಡು ಪಂಗಡವಾಗುತ್ತಾರೆ. ಅಕ್ಕಪಕ್ಕದವರ ಜತೆ ಮೂರು ನಿಮಿಷ ವಾದ ಮಾಡಲಿ. ಆಮೇಲೆ ಲೆಕ್ಕ ಮಾಡಲಿ: ನೆಲದ ಮಟ್ಟಕ್ಕೆ 60 ಡಿಗ್ರಿ ಇರುವ ಕೇಬಲ್ ಹೊತ್ತ ಭಾರದ ಸುಮಾರು 1.15 ಪಟ್ಟು ಎಳೆತ ತಾಳಿದರೆ ಸಾಕು, 30 ಡಿಗ್ರಿಯದು 2 ಪಟ್ಟು ತಾಳಬೇಕು. ಓರೆಯಾದ ಕೇಬಲ್ಲಿಗೇ ಕಷ್ಟ ಹೆಚ್ಚು.

ಈ ಹತ್ತು ನಿಮಿಷ ಕಳೆದ ಮೇಲೆ, ಈಗ ನಿಮಗೇನಾಯಿತು ಎಂದು ಕೇಳಿ. ಮೊದಲು ತಪ್ಪು ಹೇಳಿದವರು, ಪಕ್ಕದವರ ಮಾತಿಗೆ ಮನಸ್ಸು ಬದಲಿಸಿದವರು, ಹಟ ಹಿಡಿದವರು ಎಲ್ಲರೂ ಮಾತಾಡುತ್ತಾರೆ. ಆಗ ವಿಧಾನದ ಹೆಸರು ಹೇಳಿದರೆ ಸಾಕು. ವ್ಯಾಖ್ಯೆ ಬರೆಸುವ ಅಗತ್ಯವೇ ಬೀಳುವುದಿಲ್ಲ.

2. ಪುರಾವೆ ಕೊಡಿ, ಬರಲಿರುವ ದೂರನ್ನೂ ಮೊದಲೇ ತಿಳಿಸಿ

ಎಂಜಿನಿಯರುಗಳು ಅಂಕಿಅಂಶ ನಂಬುವ ಜನ. 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಎಂಜಿನಿಯರಿಂಗ್, ಗಣಿತ ತರಗತಿಗಳ 225 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬರೀ ಲೆಕ್ಚರ್ ನಡೆದ ತರಗತಿಗಳಲ್ಲಿ ನಪಾಸಾದವರು ಸರಾಸರಿ ಶೇ 33.8. ವಿದ್ಯಾರ್ಥಿಗಳೇ ತೊಡಗಿಕೊಂಡ ತರಗತಿಗಳಲ್ಲಿ ಶೇ 21.8. ಅದಕ್ಕೂ ಮೊದಲು, 1998ರಲ್ಲಿ, ರಿಚರ್ಡ್ ಹೇಕ್ ಆರು ಸಾವಿರಕ್ಕೂ ಹೆಚ್ಚು ಭೌತಶಾಸ್ತ್ರ ವಿದ್ಯಾರ್ಥಿಗಳ ಫಲಿತಾಂಶ ಕಲೆಹಾಕಿದ್ದರು. ಮೆಕ್ಯಾನಿಕ್ಸ್‌ನ ಮೂಲ ಕಲ್ಪನೆಗಳನ್ನು ಅರ್ಥ ಮಾಡಿಕೊಳ್ಳುವುದರಲ್ಲಿ ಚರ್ಚೆಯ ತರಗತಿಗಳ ಗಳಿಕೆ ಲೆಕ್ಚರ್ ತರಗತಿಗಳ ಸುಮಾರು ಎರಡರಷ್ಟಿತ್ತು. ಬ್ಯಾಕ್‌ಲಾಗ್ ಹೊತ್ತು ತಿರುಗುವ ನಮ್ಮ ಮಕ್ಕಳ ಮುಖ ಕಣ್ಣ ಮುಂದಿಟ್ಟುಕೊಂಡು ಈ ಅಂಕಿಗಳನ್ನು ಓದಬೇಕು.

ಇದಕ್ಕಿಂತ ಮುಖ್ಯವಾದದ್ದು 2019ರ ಒಂದು ಅಧ್ಯಯನ. ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಯಲ್ಲಿ ಲೂಯಿ ಡೆಲೋರಿಯರ್ ಮತ್ತು ತಂಡ ಇದನ್ನು ಮಾಡಿದರು. ತಾವೇ ಸಮಸ್ಯೆ ಬಿಡಿಸಿದ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು, ಆದರೆ ತಾವು ಕಡಿಮೆ ಕಲಿತೆವೆಂದು ಬರೆದರು. ಸೊಗಸಾದ ಲೆಕ್ಚರ್ ಕೇಳಿದವರಿಗೆ ಎಲ್ಲ ಅರ್ಥವಾಯಿತು ಅನಿಸಿತ್ತು, ಪರೀಕ್ಷೆಯಲ್ಲಿ ಹಾಗೆ ಕಾಣಲಿಲ್ಲ. ತಲೆಗೆ ಕೆಲಸ ಕೊಟ್ಟಾಗ ಆಗುವ ಕಷ್ಟವನ್ನು ಮಕ್ಕಳು ಪಾಠ ಸರಿಯಿಲ್ಲ ಎಂದು ಓದಿಕೊಳ್ಳುತ್ತಾರೆ.

ಇದರ ಅರ್ಥ, ಮೂರನೇ ವಾರದಲ್ಲಿ ಕ್ಲಾಸ್ ರೆಪ್ ನಿಮ್ಮ ಚೇಂಬರಿಗೆ ಬರುತ್ತಾನೆ. "ಮ್ಯಾಮ್ ಏನೂ ಹೇಳಿಕೊಡಲ್ಲ ಸರ್, ನಮ್ಮನ್ನೇ ಮಾಡಿ ಅಂತಾರೆ" ಅನ್ನುತ್ತಾನೆ. ಹೊಸ ಉಪನ್ಯಾಸಕಿ ಹಿಂದೆ ಸರಿಯುವುದು ಈ ಘಳಿಗೆಯಲ್ಲೇ. ಎಚ್‌ಒಡಿ ಆದವರು ಆಕೆಯನ್ನು ಕರೆದು, ಮಕ್ಕಳು ಹೇಳಿದ ಹಾಗೆ ನೋಟ್ಸ್ ಕೊಟ್ಟುಬಿಡಿ ಅಂದರೆ ಆ ಒಂದು ಮಾತಿನಿಂದ ಇಡೀ ತರಬೇತಿ ನೀರುಪಾಲು. ಸೆಮಿಸ್ಟರ್ ಶುರುವಾಗುವಾಗಲೇ ವಿದ್ಯಾರ್ಥಿಗಳಿಗೆ, ಇಲ್ಲಿ ಯಾಕೆ ಹೀಗೆ ಪಾಠ ನಡೆಯುತ್ತದೆ ಎಂದು ನೀವೇ ಹೋಗಿ ಹೇಳಿ. ಮೊದಲ ಸೆಮಿಸ್ಟರಿನ ಫೀಡ್‌ಬ್ಯಾಕ್ ಅಂಕವನ್ನು ಇನ್‌ಕ್ರಿಮೆಂಟಿಗೆ ತಳಕು ಹಾಕಬೇಡಿ.

3. ಒಂದೇ ವಿಧಾನ, ಒಂದು ಸೆಮಿಸ್ಟರ್

ಫ್ಲಿಪ್ಡ್ ಕ್ಲಾಸ್‌ರೂಮ್, ಜಿಗ್‌ಸಾ, ರೋಲ್ ಪ್ಲೇ, ಪ್ರಾಜೆಕ್ಟ್ ಆಧಾರಿತ ಕಲಿಕೆ ಎಲ್ಲವನ್ನೂ ಎರಡು ದಿನದಲ್ಲಿ ಸುರಿದರೆ ಯಾವುದೂ ಉಳಿಯುವುದಿಲ್ಲ. ಮೊದಲ ಸೆಮಿಸ್ಟರಿಗೆ ಒಂದು ಸಾಕು: ಒಬ್ಬರೇ ಯೋಚಿಸಿ, ಪಕ್ಕದವರ ಜತೆ ಮಾತಾಡಿ, ತರಗತಿಗೆ ಹೇಳಿ. 1981ರಲ್ಲಿ ಅಮೆರಿಕದ ಫ್ರಾಂಕ್ ಲೈಮನ್ ಇದಕ್ಕೆ ಥಿಂಕ್-ಪೇರ್-ಶೇರ್ ಎಂಬ ಹೆಸರಿಟ್ಟರು. ಹಾರ್ವರ್ಡ್‌ನ ಎರಿಕ್ ಮಜೂರ್ 1991ರಿಂದ ದೊಡ್ಡ ಭೌತಶಾಸ್ತ್ರ ತರಗತಿಗಳಲ್ಲಿ ಇದರ ಹತ್ತಿರದ ಸಂಬಂಧಿ ಅನ್ನಬಹುದಾದ ಪೀರ್ ಇನ್‌ಸ್ಟ್ರಕ್ಷನ್ ಬೆಳೆಸಿದರು.

ಕ್ರಮ ಹೀಗಿರಲಿ. ನಾಲ್ಕು ಆಯ್ಕೆಗಳ ಪ್ರಶ್ನೆ ಬೋರ್ಡಿನ ಮೇಲೆ. ಒಂದು ನಿಮಿಷ ಪೂರ್ತಿ ಮೌನ. ಎಲ್ಲರೂ ಒಟ್ಟಿಗೆ ಬೆರಳೆತ್ತಿ ಉತ್ತರ ತೋರಿಸಬೇಕು, ಎದೆಯ ಹತ್ತಿರ, ಪಕ್ಕದವರಿಗೆ ಕಾಣದಂತೆ. ಸರಿಯುತ್ತರ ಶೇ 30ಕ್ಕಿಂತ ಕಡಿಮೆ ಇದ್ದರೆ ಮತ್ತೆ ವಿವರಿಸಿ. ಶೇ 70 ದಾಟಿದರೆ ಎರಡು ಮಾತಲ್ಲಿ ಮುಗಿಸಿ ಮುಂದೆ ಹೋಗಿ. ನಡುವೆ ಇದ್ದರೆ, ಬೇರೆ ಉತ್ತರ ಕೊಟ್ಟವರನ್ನು ಹುಡುಕಿ ಒಪ್ಪಿಸಿ ಎಂದು ಎರಡು ನಿಮಿಷ ಬಿಡಿ. ಮತ್ತೆ ಬೆರಳೆತ್ತಿಸಿ. ಆ್ಯಪ್ ಬೇಡ, ವೈಫೈ ಬೇಡ, ಮೇಜು ಸರಿಸುವುದೂ ಬೇಡ. ನೆಲಕ್ಕೆ ಬೋಲ್ಟ್ ಹಾಕಿದ ಬೆಂಚುಗಳಲ್ಲೂ ನಡೆಯುತ್ತದೆ.

4. ತರಬೇತಿಯ ಅರ್ಧ ಸಮಯ ಪ್ರಶ್ನೆ ಕಟ್ಟುವುದಕ್ಕೆ

ವಿಧಾನ ಕಲಿಯಲು ಒಂದು ಗಂಟೆ ಸಾಕು. ವಾದ ಹುಟ್ಟಿಸುವ ಪ್ರಶ್ನೆ ಕಟ್ಟಲು ಒಂದು ಸಂಜೆಯೂ ಸಾಲದು. ಓಮನ ನಿಯಮ ಹೇಳಿ ಅಂದರೆ ಯಾರೂ ಪಕ್ಕದವರ ಕಡೆ ತಿರುಗುವುದಿಲ್ಲ. ತಿರುಗಬೇಕಾದರೆ ಪ್ರಶ್ನೆಗೆ ಒಂದು ಒಳ್ಳೆಯ ತಪ್ಪು ಉತ್ತರ ಇರಬೇಕು. ಯೋಚಿಸುವ ವಿದ್ಯಾರ್ಥಿಯೂ ಮೊದಲು ಕಾಲಿಡುವಂಥ ತಪ್ಪು.

ನಮ್ಮ ಈ ಪೂರ್ವ ಬೆಂಗಳೂರು ಇಂಥ ಪ್ರಶ್ನೆಗಳ ಗಣಿ. ಪುಸ್ತಕದಲ್ಲಿರುವ ಯಾವುದೋ ದೇಶದ ಅಣೆಕಟ್ಟಿಗೆ ಹೋಗುವ ಮೊದಲು ಇಲ್ಲಿ ಅಗೆಯಿರಿ.

ಎಲೆಕ್ಟ್ರಿಕಲ್‌ನವರಿಗೆ: ಬೆನ್ನಿಗಾನಹಳ್ಳಿ ಹತ್ತಿರ ಮೆಟ್ರೊ ಮಾರ್ಗ ರೈಲ್ವೆ ಹಳಿಯ ಮೇಲೆ ಹಾಯುತ್ತದೆ. ಕೆಳಗಿನ ರೈಲಿಗೆ ತಲೆಯ ಮೇಲಿನ ತಂತಿಯಿಂದ 25,000 ವೋಲ್ಟ್ ಎ.ಸಿ., ಮೇಲಿನ ಮೆಟ್ರೊಗೆ ಪಕ್ಕದ ಮೂರನೇ ಹಳಿಯಿಂದ 750 ವೋಲ್ಟ್ ಡಿ.ಸಿ. ಎರಡೂ ಒಂದೇ ಪವರ್ ಎಳೆದರೆ ಕರೆಂಟ್ ಯಾವುದರಲ್ಲಿ ಹೆಚ್ಚು, ಎಷ್ಟು ಪಟ್ಟು? ವೋಲ್ಟೇಜ್ ದೊಡ್ಡದಿದ್ದಲ್ಲಿ ಕರೆಂಟೂ ದೊಡ್ಡದು ಎಂದು ಅರ್ಧ ತರಗತಿ ಹೇಳುತ್ತದೆ. ಪವರ್ ಫ್ಯಾಕ್ಟರ್ ಬದಿಗಿಟ್ಟರೆ ಮೆಟ್ರೊದಲ್ಲೇ ಸುಮಾರು 33 ಪಟ್ಟು. ಅಲ್ಲಿಂದ ಮುಂದೆ, ಮೂರನೇ ಹಳಿ ಅಷ್ಟು ದಪ್ಪ ಏಕೆ, ಮೆಟ್ರೊ ಸಬ್‌ಸ್ಟೇಷನ್‌ಗಳು ಹತ್ತಿರ ಹತ್ತಿರ ಏಕೆ ಎಂಬ ಪ್ರಶ್ನೆಗಳನ್ನು ಮಕ್ಕಳೇ ಎತ್ತುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ–ಕೆ.ಆರ್. ಪುರ ನಡುವಿನ ಕೊಂಡಿ ತೆರೆದ ಮೇಲೆ ಅರ್ಧ ತರಗತಿ ಅದರಲ್ಲೇ ಕಾಲೇಜಿಗೆ ಬರುತ್ತದೆ. ಸಂಜೆ ಮನೆಗೆ ಹೋಗುವಾಗ ಕಿಟಕಿಯಿಂದ ನೋಡಿ ಬರಲಿ.

ಪರಿಸರ ವಿಷಯ ಕಲಿಸುವವರಿಗೆ: 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಪಾಚಿ ತುಂಬಿದ ಕೆರೆಯ ನೀರಿನಲ್ಲಿ ಕರಗಿದ ಆಮ್ಲಜನಕ ದಿನದ ಯಾವ ಹೊತ್ತಿನಲ್ಲಿ ಅತಿ ಕಡಿಮೆ? ಮಧ್ಯಾಹ್ನ, ಸಂಜೆ, ನಡುರಾತ್ರಿ, ಬೆಳಗಿನ ಜಾವ? ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ ಎಂದು ಓದಿದವರು ಮಧ್ಯಾಹ್ನ ಅನ್ನುತ್ತಾರೆ. ಅವರ ತರ್ಕ ಸುಳ್ಳಲ್ಲ. ಆದರೆ ರಾತ್ರಿಯಿಡೀ ಪಾಚಿಯೂ ಬ್ಯಾಕ್ಟೀರಿಯಾವೂ ಉಸಿರಾಡಿ ಆಮ್ಲಜನಕ ತಿಂದಿರುತ್ತವೆ, ಬಿಸಿಲಿಲ್ಲದೆ ಹೊಸದು ಹುಟ್ಟಿರುವುದಿಲ್ಲ. ಸೂರ್ಯ ಹುಟ್ಟುವ ಮುಂಚಿನ ಹೊತ್ತೇ ಮೀನಿಗೆ ಕಂಟಕ.

ಸಿವಿಲ್‌ನವರಿಗೆ: ಕಂಟೋನ್ಮೆಂಟ್ ಕಡೆಯಿಂದ 2020ರ ಜುಲೈನಲ್ಲಿ ಹೊರಟ ಊರ್ಜಾ ಎಂಬ ಮೆಟ್ರೊ ಸುರಂಗ ಯಂತ್ರ ಸುಮಾರು 850 ಮೀಟರ್ ಕೊರೆದು 2021ರ ಸೆಪ್ಟೆಂಬರ್‌ನಲ್ಲಿ ಶಿವಾಜಿನಗರದಲ್ಲಿ ಹೊರಬಂತು. ದಿನಕ್ಕೆ ಸರಾಸರಿ ಎಷ್ಟು? ಎರಡು ಮೀಟರ್ ಆಸುಪಾಸು. ಗಟ್ಟಿ ಬಂಡೆ ಇದ್ದಲ್ಲಿ ನಿಧಾನವೋ, ಬಂಡೆಯೂ ಮೆದು ಮಣ್ಣೂ ಬೆರೆತಲ್ಲಿ ನಿಧಾನವೋ ಎಂದು ಕೇಳಿ ಬಿಟ್ಟುಬಿಡಿ.

ಕಂಪ್ಯೂಟರ್ ಸೈನ್ಸ್‌ನವರು ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಸಾಲನ್ನೇ ಹಿಡಿಯಬಹುದು. ಅತಿ ಸರಳ ಕ್ಯೂ ಮಾದರಿಯಲ್ಲಿ ಸಾಮರ್ಥ್ಯದ ಶೇ 80 ಬಳಕೆಯಾದಾಗ ಸರಾಸರಿ 4 ಗಾಡಿ ನಿಂತಿದ್ದರೆ ಶೇ 90 ಆದಾಗ ಎಷ್ಟು? ಐದು ಎನ್ನುವವರೇ ಹೆಚ್ಚು. ಉತ್ತರ 9.

ಪ್ರತಿ ಹೊಸಬರೂ ಇಂಥ ಐದು ಪ್ರಶ್ನೆ ಕಟ್ಟಿ ತರಲಿ. ಉಳಿದ ಹೊಸಬರು ಉತ್ತರಿಸಲಿ. ಎಲ್ಲರೂ ಒಂದೇ ಉತ್ತರ ಹೇಳಿದರೆ ಆ ಪ್ರಶ್ನೆ ವಾಪಸ್. ವಿಭಾಗಕ್ಕೊಂದು ಪ್ರಶ್ನೆ ಭಂಡಾರ ಮಾಡಿ, ಕಟ್ಟಿದವರ ಹೆಸರು ಬರೆದಿಡಿ.

5. ಪ್ರಶ್ನೆ ಕೇಳಿ, ಮೂರು ಸೆಕೆಂಡ್ ಕಾಯಿರಿ

ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದೇ ಸೆಕೆಂಡಿನಲ್ಲಿ ತಾವೇ ಮಾತು ಮುಂದುವರಿಸುತ್ತಾರೆ ಎಂದು 1970ರ ದಶಕದಲ್ಲಿ ಮೇರಿ ಬಡ್ ರೋ ತೋರಿಸಿದರು. ಮೂರು ಸೆಕೆಂಡ್ ಕಾದರೆ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವವರೂ ಬಾಯಿ ಬಿಡುತ್ತಾರೆ. ಹೊಸಬರಿಗೆ ಆ ಮೂರು ಸೆಕೆಂಡಿನ ಮೌನ ಯುಗದಂತೆ ಅನಿಸುತ್ತದೆ. ತರಬೇತಿಯಲ್ಲಿ ಗಡಿಯಾರ ಹಿಡಿದು ಅಭ್ಯಾಸ ಮಾಡಿಸಿ.

6. ಸಿಲಬಸ್ ಮುಗಿಯಲ್ಲ ಎನ್ನುವವರಿಗೆ ಲೆಕ್ಕ ತೋರಿಸಿ

ಇದು ನ್ಯಾಯವಾದ ಆತಂಕ, ತಳ್ಳಿಹಾಕಬೇಡಿ. ವಿಟಿಯುವಿನ ಮೂರು ಕ್ರೆಡಿಟ್ ವಿಷಯವೊಂದಕ್ಕೆ ಐದು ಮಾಡ್ಯೂಲ್, ಸುಮಾರು 40 ಗಂಟೆ. ಪ್ರತಿ ತರಗತಿಯಲ್ಲಿ ಒಂದೇ ಪ್ರಶ್ನೆ, ಏಳು ನಿಮಿಷ ಎಂದು ಹಿಡಿದರೆ ಇಡೀ ಸೆಮಿಸ್ಟರಿಗೆ 280 ನಿಮಿಷ. ಐದು ಗಂಟೆಯೂ ಇಲ್ಲ. ಆ ಐದು ಗಂಟೆಯನ್ನು ಎಲ್ಲಿಂದ ತೆಗೆಯುವುದು? ಬೋರ್ಡಿನಿಂದ ನೋಟ್ಸ್ ಇಳಿಸಿಕೊಳ್ಳುವ ಹೊತ್ತಿನಿಂದ. ವ್ಯಾಖ್ಯೆ, ವರ್ಗೀಕರಣ, ಅನುಕೂಲ–ಅನಾನುಕೂಲಗಳ ಪಟ್ಟಿ, ಇವನ್ನು ಮೊದಲೇ ಪ್ರಿಂಟ್ ಮಾಡಿ ಕೊಟ್ಟರೆ ಸಮಯ ತಾನಾಗಿ ಸಿಗುತ್ತದೆ.

ಯಾವ ಡೆರಿವೇಶನ್ ತರಗತಿಯಲ್ಲಿ ಆಗಬೇಕು, ಯಾವುದನ್ನು ಮನೆಯಲ್ಲಿ ಓದಿಕೊಂಡು ಬರಬಹುದು ಎಂಬ ತೀರ್ಮಾನ ಹೊಸಬರ ತಲೆಯ ಮೇಲೆ ಬೇಡ. ಅದೇ ವಿಷಯ ಹತ್ತು ವರ್ಷ ಪಾಠ ಮಾಡಿದವರು ಕುಳಿತು ಪೆನ್ಸಿಲಿನಲ್ಲಿ ಗುರುತು ಹಾಕಿಕೊಡಬೇಕು. ಜತೆಗೆ, ವಿಟಿಯುವಿನಲ್ಲಿ ಸಿಐಇ 50, ಎಸ್‌ಇಇ 50. ಕಾಲೇಜಿನ ಕೈಯಲ್ಲಿರುವ ಆ 50ರಲ್ಲಿ ಟೆಸ್ಟಿನ ಜತೆ ಅಸೈನ್‌ಮೆಂಟಿಗೂ ಪಾಲಿದೆ. ಅದು ಗೂಗಲ್‌ನಿಂದ ಇಳಿಸಿದ ಹತ್ತು ಪುಟವಾಗದೆ ಮಕ್ಕಳು ಸ್ವತಃ ಅಳೆದು ಎಣಿಸಿ ತಂದ ಕೆಲಸವಾಗಲಿ.

7. ಚರ್ಚೆ ಯಾವ ಭಾಷೆಯಲ್ಲಾದರೂ ನಡೆಯಲಿ

ಕೆ.ಆರ್. ಪುರ ಸ್ಟೇಷನ್ನಿನಲ್ಲಿ ಬೆಳಿಗ್ಗೆ ಬಂಗಾರಪೇಟೆ ಕಡೆಯ ರೈಲಿನಿಂದ ಇಳಿಯುವ ಮಕ್ಕಳ ಮಾತು ಕೇಳಿ. ಕೋಲಾರ, ಮಾಲೂರಿನ ಕನ್ನಡ ತೆಲುಗು ಬೆರೆತಿರುತ್ತದೆ. ಹಲಸೂರಿನಿಂದ ಬರುವವರ ಮನೆಮಾತು ತಮಿಳು, ಶಿವಾಜಿನಗರದವರದು ದಖನಿ. ಜತೆಗೆ ಹಿಂದಿ, ಮಲಯಾಳ. ಇಷ್ಟು ಜನ ಒಂದು ತರಗತಿಯಲ್ಲಿ ಕೂತ ಕೂಡಲೇ ಎಲ್ಲರೂ ಇಂಗ್ಲಿಷಿನಲ್ಲಿ ಮೌನವಾಗುತ್ತಾರೆ. ಹೈಸ್ಕೂಲಿನವರೆಗೆ ಕನ್ನಡದಲ್ಲಿ ಓದಿ ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಪಡೆದ ಹುಡುಗನಿಗೆ ಉತ್ತರ ಗೊತ್ತಿರುತ್ತದೆ, ವಾಕ್ಯ ಕಟ್ಟುವ ಭಯದಲ್ಲಿ ಕೈ ಎತ್ತುವುದಿಲ್ಲ. ಅವನು ದಡ್ಡ ಎಂಬ ತೀರ್ಮಾನಕ್ಕೆ ಹೊಸ ಉಪನ್ಯಾಸಕರು ಬರುವುದು ನನ್ನನ್ನು ಬಹಳ ನೋಯಿಸುವ ಸಂಗತಿ.

ಹಾಗಾಗಿ ನಿಯಮ ಸರಳವಾಗಿರಲಿ. ಇಬ್ಬರ ನಡುವಿನ ಚರ್ಚೆ ಅವರಿಗೆ ಬರುವ ಭಾಷೆಯಲ್ಲಿ. ತರಗತಿಗೆ ಹೇಳುವಾಗ ತಾಂತ್ರಿಕ ಪದ ಇಂಗ್ಲಿಷಿನದು, ಉಳಿದದ್ದು ಬಾಯಿಗೆ ಬಂದಂತೆ. ಬರೆಯುವಾಗ ಮಾತ್ರ ಪೂರ್ತಿ ಇಂಗ್ಲಿಷು, ಪರೀಕ್ಷೆ ಅದರಲ್ಲಿದೆ. "ಸ್ಟ್ರೆಸ್ ಜಾಸ್ತಿ ಆದ್ರೆ ಸ್ಟ್ರೈನ್ ಯಾಕೆ ಅದೇ ರೇಶಿಯೋದಲ್ಲಿ ಏರ್ತಾ ಇಲ್ಲ ಮಿಸ್?" ಎಂದು ಕೇಳುವ ಹುಡುಗಿ ವಸ್ತುವಿಜ್ಞಾನವನ್ನು ಸರಿಯಾಗಿಯೇ ಯೋಚಿಸುತ್ತಿದ್ದಾಳೆ.

ಹೊಸ ಅಧ್ಯಾಪಕರಲ್ಲೂ ಆಂಧ್ರ, ಕೇರಳ, ತಮಿಳುನಾಡಿನಿಂದ ಬಂದವರಿರುತ್ತಾರೆ. ಹೊರಗಿನ ವಿದ್ಯಾರ್ಥಿಗಳಿಗಾಗಿ ವಿಟಿಯು ಬಳಕೆ ಕನ್ನಡ ಎಂಬ ವಿಷಯವನ್ನೇ ಇಟ್ಟಿದೆ. ಕಲಿಸುವವರೂ ಆ ಪುಸ್ತಕ ತೆರೆಯಲಿ. ಕಾಲೇಜಿನಲ್ಲಿರುವ ಕನ್ನಡ ಅಧ್ಯಾಪಕರನ್ನು ತರಬೇತಿಯ ತಂಡಕ್ಕೆ ಸೇರಿಸಿಕೊಳ್ಳಿ. ಅವರನ್ನು ರಾಜ್ಯೋತ್ಸವಕ್ಕೆ ಮಾತ್ರ ನೆನೆಯುವ ಅಭ್ಯಾಸ ಬಿಡಬೇಕು.

8. ಡಿಪ್ಲೊಮಾದಿಂದ ಬಂದವರನ್ನು ಬಿಡಿಬಿಡಿಯಾಗಿ ಕೂರಿಸಿ

ಮೂರನೇ ಸೆಮಿಸ್ಟರಿಗೆ ಲ್ಯಾಟರಲ್ ಎಂಟ್ರಿಯಲ್ಲಿ ಬಂದವರು ಸಾಮಾನ್ಯವಾಗಿ ಹಿಂದೆ ಗುಂಪಾಗಿ ಕೂರುತ್ತಾರೆ. ಗಣಿತದಲ್ಲಿ ಅವರಿಗೆ ಅಳುಕು. ಲೇಥು, ವೈರಿಂಗ್, ಸರ್ವೆ ಉಪಕರಣ ಹಿಡಿದ ಕೈ ಅವರದೇ. ಪಿಯುಸಿಯಿಂದ ಬಂದವರ ಜತೆ ಒಬ್ಬೊಬ್ಬರನ್ನು ಜೋಡಿ ಮಾಡಿ. ಇಬ್ಬರಿಗೂ ಕೊಡುವುದಕ್ಕೂ ಪಡೆಯುವುದಕ್ಕೂ ಇರುತ್ತದೆ.

9. ಲ್ಯಾಬ್ ರೆಕಾರ್ಡಿನ ಮೊದಲ ಪುಟ ಖಾಲಿ ಬಿಡಿ

ಥಿಯರಿ ತರಗತಿಗಿಂತ ಸುಲಭವಾಗಿ ಬದಲಾಗಬಹುದಾದ ಜಾಗ ಲ್ಯಾಬ್, ನಾವು ಹೆಚ್ಚು ಕೆಡಿಸಿದ ಜಾಗವೂ ಅದೇ. ಹೋದ ವರ್ಷದ ರೆಕಾರ್ಡ್ ನೋಡಿ ಬರೆದು, ರೀಡಿಂಗ್ ಹೊಂದಿಸಿ, ಸಹಿ ಹಾಕಿಸಿಕೊಂಡರೆ ಮುಗಿಯಿತು. ಹೊಸ ಅಧ್ಯಾಪಕರಿಗೆ ಒಂದು ಕೆಲಸ ಕೊಡಿ: ಎರಡೇ ಎರಡು ಪ್ರಯೋಗಗಳಲ್ಲಿ ವಿಧಾನ ಕೊಡದೆ ಬರೀ ಗುರಿ ಕೊಡಲಿ. ಈ ಮೋಟರಿನ ದಕ್ಷತೆ ಕಂಡುಹಿಡಿಯಿರಿ, ಉಪಕರಣ ಮೇಜಿನ ಮೇಲಿದೆ, ಏನು ಅಳೆಯುತ್ತೀರಿ ನೀವೇ ಬರೆಯಿರಿ. ಪ್ರಯೋಗ ಶುರುವಾಗುವ ಮುನ್ನ ಯೋಜನೆಯನ್ನು ಅಧ್ಯಾಪಕರು ನೋಡಿ, ಸುರಕ್ಷತೆ ಖಚಿತಪಡಿಸಿ, ಆಮೇಲೆ ಸ್ವಿಚ್ ಹಾಕಲು ಬಿಡಬೇಕು.

ಕೈಯಿಂದ ಮಾಡಿ ಕಲಿಯುವುದಕ್ಕೆ ಮಾದರಿ ಹತ್ತಿರದಲ್ಲೇ ಇದೆ. ಹಲಸೂರು ಕೆರೆಯ ಪಕ್ಕದಲ್ಲೇ ಸೇನೆಯ ಎಂಇಜಿ ಕೇಂದ್ರವಿದೆ, ಮದ್ರಾಸ್ ಸ್ಯಾಪರ್ಸ್‌ನ ಮನೆ. ಅಲ್ಲಿನ ಸೈನಿಕರು ಸೇತುವೆ ಕಟ್ಟುವುದನ್ನು ಕಟ್ಟಿಯೇ ಕಲಿಯುತ್ತಾರೆ. ನಮ್ಮ ಮೆಕ್ಯಾನಿಕಲ್ ಮಕ್ಕಳು ಗೇರ್‌ಬಾಕ್ಸನ್ನು ಚಿತ್ರದಲ್ಲಿ ನೋಡಿ ಪಾಸಾಗುತ್ತಾರೆ. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹಳೇ ಕಾರಿನ ಗೇರ್‌ಬಾಕ್ಸ್, ಆಲ್ಟರ್ನೇಟರ್, ಕಾರ್ಬ್ಯುರೇಟರ್ ಸಿಗುತ್ತವೆ. ಒಂದು ತಂದು ಲ್ಯಾಬಿನ ಮೇಜಿನ ಮೇಲಿಟ್ಟು, ಬಿಚ್ಚಿ, ಹಲ್ಲು ಎಣಿಸಿ, ಅನುಪಾತ ಹೇಳಿ ಅನ್ನಿ.

10. ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ, ಅಂಕ ಹಾಕಬೇಡಿ

ನನ್ನ ಮಟ್ಟಿಗೆ ಎಲ್ಲ ಸೂತ್ರಗಳಲ್ಲಿ ಇದು ಮೊದಲನೆಯದು. ಹದಿನೈದು ದಿನಕ್ಕೊಮ್ಮೆ ಒಬ್ಬ ಹಿರಿಯರು ಹೊಸಬರ ತರಗತಿಯಲ್ಲಿ ಪೂರ್ತಿ ಒಂದು ಪೀರಿಯಡ್ ಕೂರಬೇಕು. ಕೈಯಲ್ಲಿ ಮೌಲ್ಯಮಾಪನದ ಫಾರಂ ಇರಬಾರದು, ಒಂದು ಖಾಲಿ ಹಾಳೆ ಇರಲಿ. ನಾಲ್ಕು ಸಂಗತಿ ಬರೆದುಕೊಳ್ಳಿ: ಎಷ್ಟು ಜನ ವಿದ್ಯಾರ್ಥಿಗಳು ಬಾಯಿ ಬಿಟ್ಟರು, ಅವರಲ್ಲಿ ಹುಡುಗಿಯರೆಷ್ಟು, ಪ್ರಶ್ನೆಯ ನಂತರ ಎಷ್ಟು ಹೊತ್ತು ಕಾದರು, ಮಕ್ಕಳು ಗೊಂದಲಗೊಂಡ ಘಳಿಗೆ ಯಾವುದು.

ತರಗತಿ ಮುಗಿದ ಮೇಲೆ ಚೇಂಬರಿಗೆ ಕರೆಸಬೇಡಿ. ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತ ಮೊದಲು ಅವರನ್ನೇ ಕೇಳಿ, ಇವತ್ತು ಹೇಗನಿಸಿತು? ಆಮೇಲೆ ನಿಮ್ಮ ಹಾಳೆಯನ್ನು ಅವರ ಕೈಗೇ ಕೊಟ್ಟುಬಿಡಿ. ಅದರ ಪ್ರತಿ ಸರ್ವೀಸ್ ಫೈಲಿಗೆ ಹೋಗಕೂಡದು. ಹೋಯಿತು ಎಂದು ಒಬ್ಬರಿಗೆ ಗೊತ್ತಾದರೂ ಮುಂದಿನ ಬಾರಿ ನೀವು ನೋಡುವುದು ನಿಮಗಾಗಿ ಸಿಂಗರಿಸಿದ ತರಗತಿಯನ್ನು.

ಇದರ ಇನ್ನೊಂದು ಮಗ್ಗುಲು: ಹೊಸಬರೂ ಹಿರಿಯರ ತರಗತಿಯಲ್ಲಿ ಬಂದು ಕೂರಲಿ. ಪ್ರೊಫೆಸರೊಬ್ಬರು ತಮ್ಮ ತರಗತಿಯ ಬಾಗಿಲು ಹೀಗೆ ತೆರೆದಿಟ್ಟರೆ ಅದಕ್ಕಿಂತ ಮಿಗಿಲಾದ ತರಬೇತಿ ಇಲ್ಲ.

11. ಒಂದು ಹೊರೆ ಇಳಿಸಿ

ಹೊಸಬರಿಗೆ ಎರಡು ಥಿಯರಿ, ಎರಡು ಲ್ಯಾಬ್, ಎನ್‌ಬಿಎ ಫೈಲು, ಸಿಒ–ಪಿಒ ಮ್ಯಾಪಿಂಗ್, ಅಡ್ಮಿಷನ್ ಡ್ಯೂಟಿ, ಫೆಸ್ಟ್ ಉಸ್ತುವಾರಿ. ರಾತ್ರಿ ಹನ್ನೊಂದಕ್ಕೆ ಪ್ರಶ್ನೆ ಕಟ್ಟಲು ಯಾರಿಂದ ಆದೀತು? ಮೊದಲ ಸೆಮಿಸ್ಟರಿನಲ್ಲಿ ಒಂದೇ ಥಿಯರಿ ವಿಷಯ ಕೊಡಿ. ಆಗದಿದ್ದರೆ ಆಡಳಿತದ ಕೆಲಸಗಳನ್ನಾದರೂ ತೆಗೆಯಿರಿ. 2014ರಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯನಾದ ಮೇಲೆ, ಮಕ್ಕಳು ನಿಜವಾಗಿ ಏನು ಮಾಡಬಲ್ಲರು ಎಂಬುದೇ ಮಾನ್ಯತೆಯ ಅಳತೆಗೋಲು. ಆ ಸಾಮರ್ಥ್ಯ ಹುಟ್ಟಬೇಕಾದ ಹೊತ್ತನ್ನು ಅದರ ದಾಖಲೆ ಬರೆಯುವುದಕ್ಕೇ ಖರ್ಚು ಮಾಡಿಸುವುದು ಅನ್ಯಾಯ.

12. ಇದ್ದದ್ದನ್ನು ಬಳಸಿ, ನೆರೆಯವರನ್ನು ಕೂಡಿಸಿಕೊಳ್ಳಿ

ಸ್ವಯಂ ತಾಣದಲ್ಲಿರುವ ಎಐಸಿಟಿಇಯ 8 ಮಾಡ್ಯೂಲ್‌ಗಳಲ್ಲಿ ಪಾಠ ಯೋಜನೆ, ವಿದ್ಯಾರ್ಥಿ ಮೌಲ್ಯಮಾಪನದ ಭಾಗಗಳು ಹೊಸಬರಿಗೆ ತಕ್ಷಣ ಕೆಲಸಕ್ಕೆ ಬರುತ್ತವೆ. ಅವನ್ನು ಒಬ್ಬೊಬ್ಬರೇ ರಾತ್ರಿ ನೋಡಿ ಕ್ಲಿಕ್ ಮಾಡುವ ಬದಲು ನಾಲ್ಕೈದು ಜನ ಒಟ್ಟಿಗೆ ನೋಡಿ, ನಿಲ್ಲಿಸಿ, ತಮ್ಮ ವಿಷಯಕ್ಕೆ ಹೊಂದಿಸಿ ಮಾತಾಡಲಿ. 1964ರಿಂದ ತಾಂತ್ರಿಕ ಅಧ್ಯಾಪಕರಿಗೆ ತರಬೇತಿ ಕೊಡುತ್ತಿರುವ ಚೆನ್ನೈನ ಎನ್‌ಐಟಿಟಿಟಿಆರ್‌ನ ವಿಸ್ತರಣಾ ಕೇಂದ್ರ ಬೆಂಗಳೂರಿನಲ್ಲೇ ಇದೆ.

ನಮ್ಮ ರಾಜ್ಯಕ್ಕೆ ಇಂಥ ಪ್ರಯತ್ನಗಳ ಇತಿಹಾಸವೂ ಇದೆ. 2007ರಲ್ಲಿ ವಿಪ್ರೊ ಸಂಸ್ಥೆ ಮಿಷನ್ 10ಎಕ್ಸ್ ಹೆಸರಿನಲ್ಲಿ ದೇಶದ ಎಂಜಿನಿಯರಿಂಗ್ ಅಧ್ಯಾಪಕರಿಗಾಗಿ ಕಾರ್ಯಾಗಾರಗಳನ್ನು ಶುರು ಮಾಡಿತು. 2008ರಲ್ಲಿ ಎಂಜಿನಿಯರಿಂಗ್ ಶಿಕ್ಷಣಕ್ಕಾಗಿ ಕೆಲಸ ಮಾಡುವ ಐಯುಸಿಇಇ ಸಂಸ್ಥೆ ಮೈಸೂರಿನ ಇನ್ಫೊಸಿಸ್ ಕ್ಯಾಂಪಸ್ಸಿನಲ್ಲಿ ಅಧ್ಯಾಪಕರ ಶಿಬಿರ ನಡೆಸಿತು. ಶಿಬಿರದ ಹುರುಪು ಕಾಲೇಜಿಗೆ ಮರಳಿದ ಮೇಲೂ ಉಳಿಯಬೇಕಾದರೆ ಅಲ್ಲಿ ಕೂಡ ಜತೆಗಾರರು ಬೇಕು. ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಒಮ್ಮೆ ಹೊಸಬರನ್ನು ಕಳಿಸಿ. ಮೊದಲ ವರ್ಷದಲ್ಲೇ ಎಂಜಿನಿಯರಿಂಗ್ ಎಕ್ಸ್‌ಪ್ಲೊರೇಶನ್ ಎಂಬ ವಿಷಯದಲ್ಲಿ ಅಲ್ಲಿನ ಮಕ್ಕಳು ತಂಡ ಕಟ್ಟಿಕೊಂಡು ಏನಾದರೂ ತಯಾರಿಸಿ ತೋರಿಸಬೇಕು. ಇನ್ನೊಬ್ಬ ಭಾಷಣಕಾರರನ್ನು ಕರೆಸುವ ದುಡ್ಡಿನಲ್ಲಿ ನಾಲ್ಕು ಜನರ ರೈಲು ಟಿಕೆಟ್ ಬರುತ್ತದೆ.

ಹುಬ್ಬಳ್ಳಿಗಿಂತಲೂ ಹತ್ತಿರದಲ್ಲಿ, ಕೆ.ಆರ್. ಪುರದ ಸುತ್ತಲೇ ಕೇಂಬ್ರಿಡ್ಜ್, ಎಸ್‌ಇಎ, ಈಸ್ಟ್ ಪಾಯಿಂಟ್ ಕಾಲೇಜುಗಳಿವೆ. ಎಲ್ಲವೂ ವಿಟಿಯುವಿಗೆ ಸೇರಿದವು. ಅಡ್ಮಿಷನ್ನಿಗೆ ಪೈಪೋಟಿ ಇರಲಿ, ಪಾಠಕ್ಕೆ ಬೇಡ. ತಿಂಗಳಿಗೊಂದು ಶನಿವಾರ ಒಂದೇ ವಿಷಯ ಪಾಠ ಮಾಡುವ ಹೊಸಬರು ಯಾವುದಾದರೂ ಒಂದು ಕಾಲೇಜಿನಲ್ಲಿ ಸೇರಿ ಪ್ರಶ್ನೆಗಳನ್ನು ಅದಲುಬದಲು ಮಾಡಿಕೊಳ್ಳಲಿ. ದೂರವಾಣಿನಗರದ ಐಟಿಐ ಕಾರ್ಖಾನೆ, ಸಿ.ವಿ. ರಾಮನ್ ನಗರದ ರಕ್ಷಣಾ ಪ್ರಯೋಗಾಲಯಗಳಿಂದ ನಿವೃತ್ತರಾದ ಎಂಜಿನಿಯರುಗಳು ಇದೇ ಬಡಾವಣೆಗಳಲ್ಲಿದ್ದಾರೆ. ಅವರನ್ನೂ ಕರೆಯಿರಿ. ಸೂತ್ರ ಕೆಲಸ ಮಾಡದೆ ಹೋದ ದಿನಗಳ ಕಥೆ ಅವರ ಹತ್ತಿರ ಬೇಕಾದಷ್ಟಿದೆ, ಒಂದೊಂದೂ ಒಳ್ಳೆಯ ಪ್ರಶ್ನೆಯಾಗಬಲ್ಲದು.

13. ತರಬೇತಿಯನ್ನು ರಜೆಯಲ್ಲಿ ಮುಗಿಸಿಬಿಡಬೇಡಿ

ಸೆಮಿಸ್ಟರ್ ಶುರುವಾಗುವ ಮೊದಲು ಎರಡು ದಿನ: ವಿಧಾನ ಒಂದು, ಪ್ರಶ್ನೆ ಐದು. ಮೂರನೇ ವಾರ ಒಂದು ಮಧ್ಯಾಹ್ನ: ಮಕ್ಕಳ ದೂರುಗಳನ್ನು ಬಿಚ್ಚಿಟ್ಟು ಮಾತಾಡುವುದಕ್ಕೆ. ಮೊದಲ ಇಂಟರ್ನಲ್ಸ್ ಆದ ಮೇಲೆ ಇನ್ನೊಂದು ಮಧ್ಯಾಹ್ನ, ಉತ್ತರ ಪತ್ರಿಕೆಗಳ ಕಟ್ಟನ್ನೇ ಮೇಜಿನ ಮೇಲಿಟ್ಟುಕೊಂಡು. ಚರ್ಚೆಯಾದ ವಿಷಯದಲ್ಲಿ ಮಕ್ಕಳು ಹೇಗೆ ಬರೆದಿದ್ದಾರೆ, ಬರೀ ಲೆಕ್ಚರ್ ಆದ ವಿಷಯದಲ್ಲಿ ಹೇಗೆ ಬರೆದಿದ್ದಾರೆ? ಹೊಸಬರು ತಾವೇ ಎಣಿಸಿ ಪಟ್ಟಿ ಮಾಡಲಿ. ಎರಡನೇ ಸೆಮಿಸ್ಟರಿಗೆ ಯಾವ ವಿಧಾನ ಸೇರಿಸಿಕೊಳ್ಳಬೇಕು ಎಂಬುದನ್ನು ಆ ಪಟ್ಟಿ ನೋಡಿ ಅವರೇ ಹೇಳಲಿ, ಎಚ್‌ಒಡಿ ಬರೆದುಕೊಳ್ಳಲಿ.